ಎದುರಿಗೆ ಕೂತವಳನ್ನು ಕೇಳಿ

"ಇವರು ಊಟ ಸರಿಯಾಗಿ ಮಾಡ್ತಾರಾ?" ಎಂದು ಡಾಕ್ಟರು ನನ್ನ ಅಣ್ಣನನ್ನು ಕೇಳಿದರು.

"ಈಗ ಅಡ್ಡಿಲ್ಲೆ ಡಾಕ್ಟ್ರೆ," ಎಂದ ಅಣ್ಣ.

"ನಿದ್ದೆ?"

"ನಿದ್ದೆ ಇತ್ತ್."

ನಾನು ಅಣ್ಣನ ಪಕ್ಕದ ಕುರ್ಚಿಯಲ್ಲೇ ಇದ್ದೆ. ನನ್ನ ಮೊಣಕಾಲು ಡಾಕ್ಟರ ಮೇಜಿಗೆ ತಾಗುತ್ತಿತ್ತು. ಏಳು ವಾರದಿಂದ ಅಣ್ಣ ನನ್ನ ಜೊತೆ ಒಂದು ಹೊತ್ತಿನ ಊಟವನ್ನೂ ಮಾಡಿರಲಿಲ್ಲ. ನಾನು ನಿದ್ದೆ ಮಾಡುತ್ತೇನೋ ಇಲ್ಲವೋ ಅವನಿಗೆ ಹೇಗೆ ಗೊತ್ತು? "ನನ್ನ ಕೈ ನಡುಗುತ್ತದೆ" ಎಂದು ಹೇಳಲು ಬಾಯಿ ತೆರೆದೆ. ನಾಲಿಗೆ ದಪ್ಪವಾಗಿ ಮಾತು ತೊದಲಿತು. ಡಾಕ್ಟರು ಬರೆಯುತ್ತಲೇ "ಆಯ್ತಮ್ಮ, ಆಯ್ತು" ಎಂದರು. ಅಷ್ಟರಲ್ಲಿ ಆಯಾ ಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು.

ಇದು ನಡೆದು ಮೂರು ವರ್ಷವಾಯಿತು. ನನ್ನ ಕಾಯಿಲೆ ಪೂರ್ತಿ ಹೋಗಿಲ್ಲ, ಹೋಗುವಂಥದ್ದೂ ಅಲ್ಲವಂತೆ. ಅದರ ಜೊತೆ ಬದುಕುವುದು ಹೇಗೆಂದು ಸುಮಾರಾಗಿ ಕಲಿತಿದ್ದೇನೆ. ಆದರೆ ಆ ಮೇಜಿನ ಎದುರು ಕೂತಾಗಿನ ಸಿಟ್ಟು ಮಾತ್ರ ಹಾಗೇ ಇದೆ. ಅಂಥ ಮೇಜಿನ ಎದುರು ಇವತ್ತು ಬೇರೆ ಯಾರೋ ಕೂತಿರುತ್ತಾರೆ ಎಂಬ ಯೋಚನೆ ಬಂದಾಗಲೆಲ್ಲ ಅದು ಏರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಲಲಿತ. ನಾವುಂದದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಚ್ಚಾಗಿ ರವಿಕೆ, ಜೂನ್ ಬಂದರೆ ಶಾಲೆಯ ಯೂನಿಫಾರ್ಮ್. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು ನಾನು. ಹುಕ್ಕು, ಕಾಜ, ಹೆಮ್ಮಿಂಗ್ ಜಲಜಳದ್ದು. ಅವಳು ನನಗಿಂತ ಆರು ವರ್ಷ ಚಿಕ್ಕವಳು, ಅಂಗಡಿ ತೆರೆದ ಎರಡನೇ ವರ್ಷದಿಂದ ನನ್ನ ಜೊತೆಗಿದ್ದಾಳೆ. ನಮ್ಮ ಮನೆಯವರು ತೆಂಗಿನಕಾಯಿ ವ್ಯಾಪಾರಿ. ಮಗಳು ಆಗ ಕುಂದಾಪುರದಲ್ಲಿ ಪಿಯುಸಿ ಓದುತ್ತಿದ್ದಳು. ಅಣ್ಣನಿಗೆ ಬ್ರಹ್ಮಾವರದಲ್ಲಿ ಪಾತ್ರೆ ಅಂಗಡಿ.

ಆ ವರ್ಷ ದೀಪಾವಳಿಗೆ ಮೊದಲು ನನಗೆ ವಿಪರೀತ ಉತ್ಸಾಹ ಬಂತು. ಅದು ಕಾಯಿಲೆ ಎಂದು ಯಾರಿಗೆ ಅನ್ನಿಸೀತು? ನಿದ್ದೆ ಎರಡು ಗಂಟೆ ಸಾಕಾಗುತ್ತಿತ್ತು. ದಣಿವೇ ಇಲ್ಲ. ಬೈಂದೂರಿನಲ್ಲಿ ಒಂದು, ಕುಂದಾಪುರದಲ್ಲಿ ಎರಡು ಅಂಗಡಿ ತೆರೆಯುತ್ತೇನೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಒಂದು ಮಧ್ಯಾಹ್ನ, ಹೊಲಿಯಲು ಬಂದಿದ್ದ ಹನ್ನೊಂದು ಗಿರಾಕಿಗಳ ರವಿಕೆ ಬಟ್ಟೆಯನ್ನು ಸಾಲಾಗಿ ಮೇಜಿನ ಮೇಲೆ ಹಾಸಿ, ಎಲ್ಲವನ್ನೂ ಒಂದೇ ನಮೂನೆಗೆ ಕತ್ತರಿಸಿ ಹಾಕಿದೆ. ಬೆನ್ನಿನಲ್ಲಿ ಎಲೆಯಾಕಾರದ ದೊಡ್ಡ ಕಿಂಡಿ. ಜಲಜ ಊಟ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಲಲಿತಕ್ಕ, ಇದ್ ಎಂತ ಮಾಡಿದ್ರಿ? ಇದ್ ಮೇಷ್ಟ್ರ ಹೆಂಡ್ತಿದ್. ಅವ್ರ್ ಬೆನ್ ಪೂರ್ತಿ ಮುಚ್ಚ್ಕ್ ಅಂದಿರ್."

"ನಿಂಗೊತ್ತಿಲ್ಲೆ. ಬಪ್ಪ ತಿಂಗ್ಳ್ ಕುಂದಾಪ್ರದಗೆ ಎಲ್ಲ ಹೆಂಗ್ಸ್ರೂ ಇದನ್ನೇ ಹಾಕುದ್," ಎಂದೆ. ನನಗೆ ಅದು ಸೂರ್ಯನಷ್ಟು ಸ್ಪಷ್ಟವಾಗಿತ್ತು.

ಅವಳು ಶಟರ್ ಅರ್ಧ ಎಳೆದಳು. ನಾನು ಉಳಿದ ಬಟ್ಟೆಯ ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ನುಗ್ಗಿ ಬೈಂದೂರಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿದ್ದ ಹೆಂಗಸರಿಗೆಲ್ಲ ಒಂದೊಂದು ಚೂರು ಹಂಚಿದೆ. ಯಾರೋ ನಕ್ಕರು, ಯಾರೋ ಫೋನಿನಲ್ಲಿ ವಿಡಿಯೋ ತೆಗೆದರು. ಕಂಡಕ್ಟರು ಗುರುತಿನವನು, ನಮ್ಮ ಮನೆಯವರಿಗೆ ಫೋನ್ ಮಾಡಿದ. ಇದನ್ನೆಲ್ಲ ಬರೆಯುವಾಗ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ. ಆದರೆ ಆಗ ನನಗೆ ನಾಚಿಕೆ ಎಂಬುದೇ ಇರಲಿಲ್ಲ. ಮನೆಯವರು ಬೈಂದೂರಿಗೆ ಬಂದು ನನ್ನನ್ನು ಕರೆದಾಗ ರಸ್ತೆಯಲ್ಲೇ ಅವರಿಗೆ ಬೈದೆ.

ಅತ್ತೆ ಯಾರೋ ಮಂತ್ರವಾದಿಯ ಹತ್ತಿರ ನೂಲು ಮಂತ್ರಿಸಿ ತಂದು ನನ್ನ ಕೈಗೆ ಕಟ್ಟಿದರು. ನಾಲ್ಕು ದಿನ ಅದನ್ನೂ ನೋಡಿದ್ದಾಯಿತು. ಐದನೇ ದಿನ ಬೆಳಿಗ್ಗೆ ಮನೆಯವರು ಅಂಗಿ ಹಾಕಿಕೊಂಡು ನಿಂತು, ನನ್ನ ಮುಖ ನೋಡದೆ ಹೇಳಿದರು: "ಹೊರಡ್. ಅಣ್ಣಯ್ಯನ ಮನಿಯಗೆ ಇವತ್ತ್ ಊಟ ಅಂಬ್ರ್."

ನಾನು ಒಳ್ಳೆಯ ಸೀರೆ ಉಟ್ಟೆ. ಅತ್ತಿಗೆಗೆ ಕೊಡಲೆಂದು ಮಲ್ಲಿಗೆ ತೆಗೆದುಕೊಂಡೆ. ಬ್ರಹ್ಮಾವರ ಬಂದಾಗ ಕಾರು ಅಣ್ಣನ ಮನೆಯ ದಾರಿ ಬಿಟ್ಟು ಬೇರೆ ಕಡೆ ತಿರುಗಿತು. ಗದ್ದೆಗಳ ನಡುವೆ ಎತ್ತರದ ಕಾಂಪೌಂಡು, ಒಳಗೆ ತಿಳಿಹಸಿರು ಬಣ್ಣದ ಎರಡು ಮಾಳಿಗೆಯ ಕಟ್ಟಡ. ಅಣ್ಣ ಗೇಟಿನ ಹತ್ತಿರ ನಿಂತಿದ್ದ. "ಒಂಚೂರ್ ಇಲ್ಲಿ ಕೆಲ್ಸ ಇತ್ತ್, ಕೂಕೋ" ಎಂದ. ನಾನು ಕೂತೆ. ಇಬ್ಬರು ಹೆಂಗಸರು ಆಚೀಚೆ ಬಂದು ನಿಂತರು. ಆಮೇಲೆ ತೋಳಿಗೆ ಸೂಜಿ. ತಿರುಗಿ ನೋಡಿದರೆ ಮನೆಯವರು ಕಾರಿನೊಳಗೇ ಕೂತಿದ್ದರು. ಕೆಳಗಿಳಿದಿರಲೇ ಇಲ್ಲ.

ನನಗೆ ಆ ದಿನ ಚಿಕಿತ್ಸೆ ಬೇಕಾಗಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೀಗೆ ಬೇಕಾಗಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ.

ಅದು ಆರೈಕೆ ಕೇಂದ್ರ. ಬೋರ್ಡಿನಲ್ಲಿ ಹಾಗೆಯೇ ಬರೆದಿತ್ತು. ಹೆಂಗಸರ ಹಾಲಿನಲ್ಲಿ ಹದಿನಾಲ್ಕು ಮಂಚ. ಕಿಟಕಿಗೆ ಗ್ರಿಲ್ಲು, ಬಾಗಿಲಿಗೆ ಹೊರಗಿನಿಂದ ಚಿಲಕ. ಬೆಳಿಗ್ಗೆ ಚಹಾ ಕೊಟ್ಟ ಮೇಲೆ ಸಾಲಾಗಿ ನಿಲ್ಲಬೇಕು. ಆಯಾ ಬಾಟಲಿಯ ಮುಚ್ಚಳದಲ್ಲಿ ಮಾತ್ರೆ ಕೊಡುತ್ತಾಳೆ. ನುಂಗಿ ಬಾಯಿ ತೆರೆದು ತೋರಿಸಬೇಕು. "ಇದು ಯಾವ ಮಾತ್ರೆ?" ಎಂದು ಕೇಳಿದೆ. "ಡಾಕ್ಟ್ರ್ ಬರ್ದದ್" ಎಂದಳು. ನನ್ನ ಕಾಯಿಲೆಯ ಹೆಸರೇನು ಎಂದು ಕೇಳಿದೆ. "ಅದ್ ನಿಮ್ಮಣ್ಣಯ್ಯಂಗ್ ಹೇಳಿರ್." ಅಣ್ಣನನ್ನು ಕೇಳೋಣವೆಂದರೆ ಫೋನ್ ಕೊಡುವಂತಿಲ್ಲ. ಭಾನುವಾರ ಫೋನ್ ಮಾಡಬಹುದು, ಆದರೆ ಮಾಡುವವರು ಕೇಂದ್ರದವರು, ಮಾತಾಡುವವರೂ ಅವರೇ.

ಅಲ್ಲಿ ಯಾರೂ ನನಗೆ ಹೊಡೆಯಲಿಲ್ಲ. ಊಟ ಬಿಸಿಯಾಗಿಯೇ ಇರುತ್ತಿತ್ತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಡುಗೆಯ ಹೆಂಗಸಂತೂ ನನ್ನ ದವಡೆ ಬಿಗಿದು ಅಗಿಯಲು ಆಗದಿದ್ದಾಗ ಯಾರೂ ಹೇಳದೆಯೇ ನನಗೆ ಬೇರೆ ಗಂಜಿ ಮಾಡಿಕೊಡುತ್ತಿದ್ದಳು. ಆದರೆ ಹದಿನಾಲ್ಕು ಜನರಿಗೂ ಹೆಚ್ಚುಕಡಿಮೆ ಒಂದೇ ಔಷಧ, ಒಂದೇ ದಿನಚರಿ, ಒಂದೇ ಉತ್ತರ: "ಮನೆಯವ್ರ್ ಹೇಳ್ಲಿ."

ಎರಡನೇ ವಾರಕ್ಕೆ ನನ್ನ ಉತ್ಸಾಹವೆಲ್ಲ ಇಳಿದಿತ್ತು. ಮೂರನೇ ವಾರಕ್ಕೆ ಕೈ ನಡುಗಲು ಶುರುವಾಯಿತು. ಮೊದಲು ಬೆರಳ ತುದಿ, ಆಮೇಲೆ ಮಣಿಕಟ್ಟು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು, ಗೊತ್ತಾಗುತ್ತಿರಲಿಲ್ಲ. ಆಯಾಳಿಗೆ ಹೇಳಿದೆ. ಮೇಲ್ವಿಚಾರಕರಿಗೆ ಹೇಳಿದೆ. ಗುರುವಾರ ಬರುವ ಡಾಕ್ಟರ ಮುಂದೆ ಕೈ ಚಾಚಿದೆ. ಒಂದು ದಿನ ಸಿಟ್ಟು ತಡೆಯಲಾಗದೆ ಮಾತ್ರೆ ನುಂಗುವುದಿಲ್ಲ ಎಂದು ಕೂತೆ. ಅವತ್ತು ಪುಸ್ತಕದಲ್ಲಿ ನನ್ನ ಹೆಸರಿನ ಎದುರು "ಹಠ" ಎಂದು ಬರೆದರು. ನಾನೇ ನೋಡಿದೆ, ತಲೆಕೆಳಗಾಗಿ ಓದಿದೆ. ಸಂಜೆಯ ಮಾತ್ರೆ ಒಂದು ಹೆಚ್ಚಾಯಿತು.

ನನ್ನ ಪಕ್ಕದ ಮಂಚದಲ್ಲಿ ಕಲ್ಯಾಣಿಯಕ್ಕ ಇದ್ದರು. ಬೈಂದೂರು ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ನಾಲ್ಕು ವರ್ಷದಿಂದ ಅಲ್ಲೇ ಇದ್ದರು. ಅವರನ್ನು ಸೇರಿಸುವಾಗ ಸಹಿ ಹಾಕಿದ್ದ ಅವರ ತಮ್ಮ ಆಮೇಲೆ ಫೋನ್ ನಂಬರು ಬದಲಾಯಿಸಿದ್ದ. ಸಹಿ ಹಾಕಿದವನು ಬಾರದೆ ಬಿಡುವಂತಿಲ್ಲ ಎಂದು ಕೇಂದ್ರದವರು. ನನಗೆ ಕಂಡಂತೆ ಅವರಿಗೆ ಈಗ ಯಾವ ಕಾಯಿಲೆಯೂ ಇರಲಿಲ್ಲ. ಎಲ್ಲರ ಬಟ್ಟೆ ಮಡಚುತ್ತಿದ್ದರು, ಹೊಸಬರ ತಲೆ ಬಾಚುತ್ತಿದ್ದರು. "ನಾನ್ ಈಗ ಹುಷಾರಿದ್ದೆ ಹೆಣ್ಣೆ," ಎಂದು ಒಮ್ಮೆ ನನಗೆ ಹೇಳಿದರು, "ಆರೆ ಕೇಂಬವ್ರಿಲ್ಲೆ." ನನ್ನ ಕೈ ವಿಪರೀತ ನಡುಗಿದಾಗ ಎರಡೂ ಅಂಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಮೇಲಿಂದ ಒತ್ತಿ ಹಿಡಿಯುತ್ತಿದ್ದರು. ಆ ಏಳು ವಾರದಲ್ಲಿ ನನಗೆ ಸಿಕ್ಕ ಚಿಕಿತ್ಸೆ ಎಂದು ನಾನು ಕರೆಯುವುದು ಅದನ್ನೇ.

ಆರನೇ ವಾರ ಜಲಜ ಬಂದಳು. ಸಂಬಂಧಿಕರಿಗೆ ಮಾತ್ರ ಎಂದು ಗೇಟಿನಲ್ಲಿ ತಡೆದರಂತೆ. "ನಾನ್ ಅವ್ರ ತಂಗಿ" ಎಂದು ಹೇಳಿ ಒಳಗೆ ಬಂದಳು. ನನ್ನ ರವಿಕೆಯ ಹುಕ್ಕುಗಳು ತೆರೆದೇ ಇದ್ದವು, ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಹುಕ್ಕು ಹಾಕಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಸಾವಿರಾರು ರವಿಕೆ ಹೊಲಿದವಳಿಗೆ ಒಂದು ಹುಕ್ಕು ಹಾಕಲು ಆಗುತ್ತಿರಲಿಲ್ಲ. ಜಲಜ ಬಗ್ಗಿ ಒಂದೊಂದಾಗಿ ಹಾಕಿದಳು. ಹಾಕುವಾಗ ಅಳುತ್ತಿದ್ದಳು.

ಅವಳು ಅಲ್ಲಿಂದ ಸೀದಾ ನಮ್ಮ ಮನೆಗೆ ಹೋದಳಂತೆ. ನಮ್ಮ ಮನೆಯವರು ಅಂಗಳದಲ್ಲಿ ಕಾಯಿ ಲೋಡು ಮಾಡಿಸುತ್ತಿದ್ದರು.

"ಹ್ವಾಯ್, ಅಲ್ಲಿ ಹೋಯಿ ಅವ್ರ ಕೈ ಕಂಡ್ರ್ಯಾ ನೀವ್?" ಎಂದು ಕೇಳಿದಳಂತೆ.

ಅವರು ಅದುವರೆಗೆ ಒಮ್ಮೆಯೂ ಬಂದಿರಲಿಲ್ಲ. ನನ್ನ ಮುಖ ನೋಡಲು ಹೆದರಿಕೆ ಎಂದು ಆಮೇಲೆ ಹೇಳಿದರು. ನನ್ನನ್ನು ಸೇರಿಸುವಾಗ ಸಹಿ ಹಾಕಿದ್ದು ಅಣ್ಣ, ಹಾಗಾಗಿ ಮರುದಿನ ಇಬ್ಬರೂ ಬ್ರಹ್ಮಾವರಕ್ಕೆ, ಅವನ ಅಂಗಡಿಗೆ ಹೋದರು. ಅಣ್ಣ ಒಪ್ಪಲಿಲ್ಲ.

"ಭಾವ, ನಿಮ್ಗ್ ಗೊತ್ತಾತಿಲ್ಲೆ. ಇನ್ನೆರಡ್ ತಿಂಗ್ಳ್ ಇರ್ಲಿ, ಪೂರ್ತಿ ಗುಣ ಆಯ್ಲಿ. ಮತ್ತೆ ಬಸ್ಸಗೆ ಹತ್ತಿ ಹೀಂಗೆ ಮಾಡ್ರೆ ಯಾರ್ ಕಾಂಬುದ್?"

"ಗುಣ ಆಪುದ್ ಬೇಡ ಅಂಬುದಲ್ಲ ಅಣ್ಣಯ್ಯ," ಎಂದಳಂತೆ ಜಲಜ. "ಅವ್ರನ್ ಒಂದ್ಸಲ ಸಮಾ ಕಾಣಿ. ಅವ್ರ್ ಸೂಜಿ ಹಿಡುದ್ ಹ್ಯಾಂಗೆ?"

ಅಣ್ಣನ ಮೇಲೆ ನನಗೆ ಸಿಟ್ಟಿದೆ, ಆದರೆ ಅವನು ಕೆಟ್ಟವನಲ್ಲ. ನಮ್ಮ ದೊಡ್ಡಮ್ಮ ಒಬ್ಬರು ಹೀಗೇ ಆಗಿ ಬಾವಿಗೆ ಬಿದ್ದಿದ್ದರು. ಅವರನ್ನು ಮೇಲಕ್ಕೆತ್ತುವಾಗ ಹಗ್ಗ ಹಿಡಿದವರಲ್ಲಿ ಹದಿನಾರು ವರ್ಷದ ಅಣ್ಣನೂ ಇದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ ಇರುವ ಜಾಗದಲ್ಲಿ ನಾನಿದ್ದರೆ ಅವನಿಗೆ ಸಮಾಧಾನ. ಅದು ನನಗೆ ಅರ್ಥವಾಗುತ್ತದೆ. ಅವನು ಕಡೆಗೆ ಒಂದು ವಾರ ಯೋಚಿಸಿ, ಬಂದು, ಆ ಡಾಕ್ಟರ ಮುಂದೆ ಕೊನೆಯ ಸಲ ನನ್ನ ಪರವಾಗಿ ಉತ್ತರ ಕೊಟ್ಟು, ಮುಖ ಬಿಗಿದುಕೊಂಡೇ ಸಹಿ ಹಾಕಿದ. "ಇನ್ ಮೇಲೆ ಎಂತಾರೂ ಆರೆ ನನ್ ಹತ್ರ ಬರ್ಬೇಡಿ" ಎಂದ. ನಾನು ಚೀಲ ಹಿಡಿದು ಹೊರಡುವಾಗ ಕಲ್ಯಾಣಿಯಕ್ಕ ಗ್ರಿಲ್ಲಿನ ಆಚೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

ಮನೆಯವರು, ಜಲಜ, ನಾನು ಉಡುಪಿ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಮಾನಸಿಕ ವಿಭಾಗ ಕಟ್ಟಡದ ಹಿಂಭಾಗದಲ್ಲಿ. ದಾರಿ ಕೇಳಿದರೆ ಜನ ನಮ್ಮ ಮೂವರ ಮುಖವನ್ನೂ ನೋಡಿ, ಯಾರಿಗೆಂದು ಅಂದಾಜು ಮಾಡಿ, ಆಮೇಲೆ ದಾರಿ ಹೇಳುತ್ತಿದ್ದರು. ಚೀಟಿ ಮಾಡಿಸಲು ಒಂದು ಸಾಲು, ಫೈಲಿಗೆ ಇನ್ನೊಂದು ಸಾಲು. ಕಾಯುವ ಬೆಂಚಿನಲ್ಲಿ ಎಲ್ಲರೂ ಗೋಡೆ ನೋಡುತ್ತಿದ್ದರು. ನಮ್ಮೂರಿನ ಒಬ್ಬರು ಅಲ್ಲಿದ್ದರು. ನನ್ನನ್ನು ಕಂಡು ಪತ್ರಿಕೆ ಎತ್ತಿ ಮುಖ ಮುಚ್ಚಿಕೊಂಡರು. ನಾನೂ ಕಂಡಿಲ್ಲ ಎಂಬಂತೆ ತಿರುಗಿ ಕೂತೆ. ನಾಲ್ಕು ಗಂಟೆ ಹಾಗೇ ಕೂತಿದ್ದೆವು.

ಒಳಗಿದ್ದದ್ದು ಮೂವತ್ತೈದರ ಆಸುಪಾಸಿನ ಲೇಡಿ ಡಾಕ್ಟರು. ಅಭ್ಯಾಸ ಬಲದಿಂದ ಮನೆಯವರೇ ಹೇಳಲು ಶುರು ಮಾಡಿದರು. ಡಾಕ್ಟರು ಕೈ ಅಡ್ಡ ಹಿಡಿದು "ನಿಮ್ಮನ್ನು ಆಮೇಲೆ ಕೇಳ್ತೇನೆ" ಎಂದು ನನ್ನ ಕಡೆ ತಿರುಗಿದರು.

"ನಿಮ್ಮದು ಕೆಲಸ ಎಂತ?"

"ಹೊಲಿಗೆ."

"ಕೈ ಒಮ್ಮೆ ಮುಂದೆ ಮಾಡಿ ನೋಡುವ."

ಚಾಚಿದೆ. ಅವರು ಸುಮಾರು ಹೊತ್ತು ನೋಡಿದರು. ಆ ಕೇಂದ್ರದ ಚೀಟಿ ಓದಿದರು. ಬೈಯಲಿಲ್ಲ, ಆದರೆ ಓದುವಾಗ ಅವರ ಹುಬ್ಬು ಗಂಟಾದದ್ದನ್ನು ನಾನು ಕಂಡೆ. ಇದು ಔಷಧದಿಂದ ಬಂದ ನಡುಕ, ಔಷಧ ಬದಲಾಯಿಸಿದರೆ ಹೆಚ್ಚಿನದು ಇಳಿಯುತ್ತದೆ ಎಂದರು. ಕಾಯಿಲೆಯ ಹೆಸರನ್ನು ಮೊದಲ ಬಾರಿ ನನಗೇ ಹೇಳಿದರು, ಬೈಪೋಲಾರ್ ಎಂದು. ಮನಸ್ಸು ಒಮ್ಮೆ ತೀರಾ ಮೇಲೇರಿ, ಇನ್ನೊಮ್ಮೆ ತೀರಾ ಕೆಳಗಿಳಿಯುವ ಕಾಯಿಲೆ. ಮೂರು ಬಗೆಯ ಮಾತ್ರೆಗಳಿವೆ. ಒಂದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು, ಕೈ ಸ್ವಲ್ಪ ನಡುಗಬಹುದು. ಇನ್ನೊಂದರಲ್ಲಿ ಮೈ ದಪ್ಪಗಾಗುತ್ತದೆ, ಕೂದಲು ಉದುರಬಹುದು. ಮತ್ತೊಂದರಲ್ಲಿ ನಿದ್ದೆ ಜಾಸ್ತಿ.

"ನಿಮಗೆ ಯಾವುದು ಆದೀತು ಅಂತ ಯೋಚನೆ ಮಾಡಿ. ಇವತ್ತೇ ಹೇಳ್ಬೇಕಂತ ಇಲ್ಲ."

ಏಳು ವಾರ ನನ್ನನ್ನು ಕೇಳಲಿಲ್ಲ ಎಂದು ಕುದಿದವಳು, ಕೇಳಿದಾಗ ಉತ್ತರ ಗೊತ್ತಾಗದೆ ಜೋರಾಗಿ ಅತ್ತುಬಿಟ್ಟೆ. ಕಡೆಗೆ ಎರಡನೆಯದನ್ನು ಆರಿಸಿಕೊಂಡೆ. ಕೂದಲು ಹೋದರೆ ಹೋಗಲಿ, ಕೈ ಬೇಕು.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದು ಬರೆಯಲು ನನಗೂ ಆಸೆ. ಆದರೆ ನಾಲ್ಕು ತಿಂಗಳಿಗೆ ಆ ಡಾಕ್ಟರು ಬೇರೆ ಕಡೆ ಹೋದರು. ಹೊಸಬರು ಫೈಲು ತೆರೆಯುತ್ತಲೇ ಮನೆಯವರನ್ನು "ಇವರು ಹೇಗಿದ್ದಾರೆ?" ಎಂದು ಕೇಳಿದರು. ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮಾತ್ರೆ ನಾವುಂದದಲ್ಲಿ ಸಿಗುವುದಿಲ್ಲ. ಕುಂದಾಪುರದ ಮೆಡಿಕಲ್ಲಿನಲ್ಲಿ ಒಂದು ತಿಂಗಳು ಇರುತ್ತದೆ, ಇನ್ನೊಂದು ತಿಂಗಳು "ತರಿಸ್ಬೇಕ್" ಎನ್ನುತ್ತಾರೆ, ಅದನ್ನೂ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಕೇಳಿದ ಕೂಡಲೇ ಕೊಡುವವನು ನನ್ನ ಮಾತ್ರೆಯ ಚೀಟಿಯನ್ನು ಮಾತ್ರ ಎರಡು ಸಲ ಓದಿ ನನ್ನ ಮುಖ ನೋಡುತ್ತಾನೆ.

ಊರಿನಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ನಾನು ಕೇಂದ್ರದಲ್ಲಿದ್ದಷ್ಟು ದಿನವೂ ನಮ್ಮ ಮನೆಯಿಂದ "ಲಲಿತ ಮುಂಬಯಿಗೆ, ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ" ಎಂದು ಹೇಳಿಬಿಟ್ಟಿದ್ದರು. ಮಗಳು ಕಾಲೇಜಿನಲ್ಲೂ ಹಾಗೆಯೇ ಹೇಳಿದ್ದಳು. ವಾಪಸಾದ ಮೇಲೆ ಸಿಕ್ಕಿದವರೆಲ್ಲ "ಮುಂಬೈ ಹ್ಯಾಂಗಿತ್ತ್?" ಎಂದು ಕೇಳುವುದು, ಕೇಳಿ ಕಣ್ಣು ತಪ್ಪಿಸುವುದು. ಬಸ್ಸಿನಲ್ಲಿ ನಾನು ಚೂರು ಹಂಚಿದ ವಿಡಿಯೋ ನೋಡಿದವರೇ ಹೀಗೆ ಕೇಳುತ್ತಿದ್ದರು. ಒಂದು ದಿನ ಮಗಳನ್ನು ಕೂರಿಸಿ "ಹೀಂಗೆಂತಕೆ ಹೇಳ್ದೆ?" ಎಂದೆ. ಅವಳು ಅತ್ತಳು. "ಮತ್ತೆ ಎಂತ ಹೇಳುದಮ್ಮ? ನಂಗೂ ಯಾರೂ ಎಂತದೂ ಹೇಳ್ಲಿಲ್ಲ." ಅವಳನ್ನೂ ಯಾರೂ ಕೂರಿಸಿ ಮಾತಾಡಿರಲಿಲ್ಲ. ಆಗ ನನ್ನ ಸಿಟ್ಟು ಸ್ವಲ್ಪ ದಿಕ್ಕು ತಪ್ಪಿತು.

ಆ ಬೇಸಿಗೆಯಲ್ಲಿ ಕೆಳಗಿಳಿದೆ. ಡಾಕ್ಟರು ಮೊದಲೇ ಹೇಳಿದ್ದರು, ಆದರೆ ಹೇಳಿದ್ದಕ್ಕೂ ಅನುಭವಿಸಿದ್ದಕ್ಕೂ ಎಷ್ಟು ಅಂತರ! ಎದ್ದು ಹಲ್ಲುಜ್ಜುವುದು ಬೆಟ್ಟ ಹತ್ತಿದಂತೆ. ಊಟ ಸೇರುತ್ತಿರಲಿಲ್ಲ. ಮನೆಯ ಬಾವಿಯ ಕಡೆ ನಾನು ನೋಡುವ ರೀತಿ ಬದಲಾದದ್ದು ನನಗೇ ತಿಳಿಯಿತು. ಜಲಜಳಿಗೆ ಅದನ್ನು ಹೇಳಿದೆ. ನನ್ನ ಜೀವ ಉಳಿದದ್ದು ಬಹುಶಃ ಹೇಳಿದ್ದರಿಂದಲೇ. ಅವಳು ಗದರಲಿಲ್ಲ, "ಹಾಂಗೆಲ್ಲ ಹೇಳ್ಬೇಡಿ" ಎನ್ನಲಿಲ್ಲ. "ಆಸ್ಪತ್ರೆಗೆ ಹೋಪನಾ?" ಎಂದು ಕೇಳಿದಳು. "ಹೋಪ" ಎಂದೆ. ಈ ಸಲ ಸೇರುವ ಕಾಗದಕ್ಕೆ ನಾನೇ ಸಹಿ ಹಾಕಿದೆ.

ವಾರ್ಡಿನಲ್ಲಿ ಡಾಕ್ಟರು ಕರೆಂಟು ಚಿಕಿತ್ಸೆಯ ಮಾತೆತ್ತಿದರು. ಮನೆಯವರ ಮುಖ ಬಿಳಿಚಿತು. ಸುದ್ದಿ ಅಣ್ಣನಿಗೂ ಹೋಯಿತು. ಹತ್ತಿರ ಬರಬೇಡಿ ಎಂದಿದ್ದ ಅಣ್ಣ ಮರುದಿನವೇ ಓಡಿ ಬಂದ.

"ಕರೆಂಟ್ ಗಿರೆಂಟ್ ಎಲ್ಲ ಬೇಡ. ನಾನ್ ಬಿಡುದಿಲ್ಲೆ."

ಹೊಸ ಡಾಕ್ಟರು ನನ್ನ ಮಂಚದ ಅಂಚಿನಲ್ಲಿ ಕೂತರು. ನನ್ನನ್ನೇ ಕೇಳಬೇಕೆಂದು ಇವರೂ ಕಲಿತಿದ್ದರು, ಅಥವಾ ನಾನು ಪ್ರತಿ ಸಲ ಜಗಳವಾಡಿ ಕಲಿಸಿದ್ದೆ. ಅರಿವಳಿಕೆ ಕೊಟ್ಟು ಮಾಡುವುದು, ನೋವು ಗೊತ್ತಾಗುವುದಿಲ್ಲ, ಕೆಲವು ದಿನಗಳ ನೆನಪು ಅಳಿಸಿಹೋಗಬಹುದು, ಬೇಡವೆಂದರೆ ಮಾತ್ರೆ ಹೆಚ್ಚಿಸಿ ಕಾಯಬಹುದು, ಆದರೆ ನಿಧಾನ, ಎಂದರು. ಎರಡು ದಿನ ಯೋಚಿಸಿದೆ.

"ಅಣ್ಣಯ್ಯ, ನಂಗ್ ಇದ್ ಬೇಕ್," ಎಂದೆ. "ನಂಗ್ ಕಾಯುಕ್ ಆತಿಲ್ಲೆ."

"ನಿಂಗ್ ತಲಿ ಸಮಾ ಇಲ್ದಿಪ್ಪತಿಗೆ ನಿನ್ ಮಾತ್ ಕೇಂಬುದ್ ಹ್ಯಾಂಗೆ?" ಎಂದ.

"ತಲಿ ಸಮಾ ಇಲ್ದಿರೂ ತಲಿ ನಂದೇ ಅಲ್ದಾ?"

ಅವನು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತ. ಹೊರಟು ಹೋಗಲಿಲ್ಲ. ಆರು ಸಲ ಆ ಚಿಕಿತ್ಸೆ ಆಯಿತು. ಆ ದಿನಗಳಲ್ಲಿ ಯಾರು ಬಂದರು, ಏನು ತಿಂದೆ, ನೆನಪಿಲ್ಲ. ತಲೆನೋವು ಇತ್ತು. ನಾಲ್ಕನೆಯದರ ಮರುದಿನ ನನಗೆ ಬಂಗುಡೆ ಸಾರು ತಿನ್ನಬೇಕೆನ್ನಿಸಿತು. ತಿಂಗಳುಗಳ ನಂತರ ಮೊದಲ ಬಾರಿ ಏನೋ ಒಂದು ಬೇಕೆನ್ನಿಸಿದ್ದು. ಎಲ್ಲರೂ ಹೆದರುವ ಕರೆಂಟನ್ನು ನಾನೇ ಒಪ್ಪಿ ತೆಗೆದುಕೊಂಡೆ. ಅದರಿಂದ ನನಗೆ ಅವಮಾನವಾಗಲಿಲ್ಲ. ಬಾಟಲಿ ಮುಚ್ಚಳದಲ್ಲಿ ಕೊಟ್ಟ ಸಣ್ಣ ಮಾತ್ರೆಯಿಂದ ಆಗಿತ್ತು.

ಮನೆಗೆ ಕಳಿಸುವ ಮೊದಲು ವಾರ್ಡಿನ ಸಿಸ್ಟರೊಬ್ಬರು ಒಂದು ವಿಷಯ ಹೇಳಿದರು. ಹುಷಾರಾಗಿರುವಾಗಲೇ ನಾವು ಒಂದು ಹಾಳೆಯಲ್ಲಿ ಬರೆದಿಡಬಹುದಂತೆ. ಮುಂದೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಮಾತಾಡುವವರು ಯಾರು ಎಂದು. ಕಾಯಿದೆಯಲ್ಲೇ ಇದೆಯಂತೆ. ಇಷ್ಟು ದಿನ ಯಾರೂ ಹೇಳಿರಲಿಲ್ಲ. ನಾನು ಅವತ್ತೇ ಬರೆಯಲು ಕೂತೆ. ಆದರೆ ಬರೆದ ಹಾಳೆಯನ್ನು ಕೊಡುವುದು ಎಲ್ಲಿ? ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿಂದ ಕಚೇರಿಗೆ, ಕಚೇರಿಯಿಂದ ಪುನಃ ವಾರ್ಡಿಗೆ. "ಇಂಥದ್ದು ಇದುವರೆಗೆ ಯಾರೂ ತಂದಿಲ್ಲ" ಎಂದರು ಒಬ್ಬರು, ತಂದದ್ದು ನನ್ನ ತಪ್ಪೆಂಬಂತೆ. ಮೂರು ಸಲ ಉಡುಪಿ ಬಸ್ಸು ಹತ್ತಿ ಇಳಿದ ಮೇಲೆ ಅದು ನನ್ನ ಫೈಲಿಗೆ ಸೇರಿತು.

ಅದರ ಪ್ರತಿಯನ್ನು ಮನೆಯಲ್ಲಿ ನಮ್ಮ ಮನೆಯವರು ಓದಿದರು. ಮಾತಾಡುವವರು ಯಾರು ಎಂಬಲ್ಲಿ ಜಲಜಳ ಹೆಸರು ಬರೆದಿದ್ದೆ. ಅದನ್ನು ಓದಿ ಮುಂದೆ ಹೋದರು. ನಾಲ್ಕನೇ ಸಾಲಿಗೆ ಬಂದು ನಿಂತರು. "ನನಗೆ ಸುಳ್ಳು ಹೇಳಿ ಎಲ್ಲಿಗೂ ಕರೆದುಕೊಂಡು ಹೋಗಬಾರದು" ಎಂದಿತ್ತು.

"ಸತ್ಯ ಹೇಳಿರೆ ನೀನ್ ಬತ್ತಿದ್ಯಾ?" ಎಂದು ಕೇಳಿದರು.

"ಇಲ್ಲ," ಎಂದೆ. "ಬರ್ದಿದ್ರೂ ನೀವ್ ಹೇಳ್ಕಿತ್."

ಅವರು ಹಾಳೆ ಮಡಚಿ ಕಪಾಟಿನಲ್ಲಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತು, "ನಂಗ್ ಕಾರಿಂದ ಇಳುಕೆ ಕಾಲೇ ಬರ್ಲಿಲ್ಲ" ಎಂದರು. ಈ ಮೂರು ವರ್ಷದಲ್ಲಿ ಆ ದಿನದ ಬಗ್ಗೆ ಅವರು ಹೇಳಿದ್ದು ಅಷ್ಟೇ. ಅಣ್ಣನಿಗೆ ಮಾತ್ರ ಜಲಜಳ ಹೆಸರು ಕಂಡು ಬಹಳ ಬೇಜಾರಾಯಿತು. "ಒಡಹುಟ್ಟಿದವ್ರ್ ಸತ್ತ್ ಹೋಯ್ರಾ?" ಎಂದ. ಇವತ್ತಿಗೂ ಅವನು ಅಂಗಡಿಗೆ ಬಂದರೆ ಜಲಜಳ ಜೊತೆ ಮಾತಾಡುವುದಿಲ್ಲ. ಆದರೆ ಕುಂದಾಪುರದಲ್ಲಿ ಮಾತ್ರೆ ಸಿಗದಿದ್ದ ತಿಂಗಳು ಅದನ್ನು ಬ್ರಹ್ಮಾವರದಿಂದ ಬಸ್ಸಿನಲ್ಲಿ ಕಳಿಸುವವನು ಅವನೇ.

ಕಲ್ಯಾಣಿಯಕ್ಕನ ವಿಷಯ ಬರೆಯದೆ ಬಿಡುವಂತಿಲ್ಲ. ಅವರ ಬಗ್ಗೆ ಸಿಸ್ಟರಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ. ಎಲ್ಲಿಗೆ ಅರ್ಜಿ ಬರೆಯಬೇಕೆಂದು ಕೇಳಿ ಬರೆದೆ. "ಪರಿಶೀಲಿಸಲಾಗುವುದು" ಎಂಬ ಒಂದು ಸಾಲು ಬಂತು. ಜಲಜ ಮತ್ತು ನಾನು ಕೇಂದ್ರಕ್ಕೇ ಹೋದೆವು. ಗೇಟಿನವನು ನನ್ನ ಗುರುತು ಹಿಡಿದು "ನೀವ್ ಅವ್ರಿಗೆ ಎಂತ ಆಯ್ಕ್?" ಎಂದ. ಒಳಗೆ ಬಿಡಲಿಲ್ಲ. ಎರಡನೇ ಅರ್ಜಿ ಬರೆದಿದ್ದೇನೆ. ಮೂರನೆಯದನ್ನೂ ಬರೆಯುತ್ತೇನೆ.

ಈಗ ಅಂಗಡಿ ನಡೆಯುತ್ತಿದೆ. ಹಾಳು ಮಾಡಿದ ಹನ್ನೊಂದು ಬಟ್ಟೆಗೂ ಬದಲಿ ಬಟ್ಟೆ ತಂದು ಹೊಲಿದು ಕೊಟ್ಟೆವು. ಮೇಷ್ಟ್ರ ಹೆಂಡತಿ ಬರುವುದು ನಿಲ್ಲಿಸಿದರು, ಉಳಿದವರು ಬರುತ್ತಾರೆ. ಬೆಳಿಗ್ಗೆ ಕೈ ಸ್ವಲ್ಪ ಅಲುಗುತ್ತದೆ, ಹತ್ತು ಗಂಟೆಯ ಮೇಲೆ ಕತ್ತರಿ ಹಿಡಿಯುತ್ತೇನೆ. ಕೂದಲು ತೆಳುವಾಗಿದೆ.

ಕಳೆದ ತಿಂಗಳು ಬೈಂದೂರಿನಿಂದ ಒಬ್ಬ ಹೆಂಗಸು ರವಿಕೆ ಬಟ್ಟೆ ಹಿಡಿದು ಬಂದಳು. ಅಳತೆ ಕೊಡುವಾಗ ಸ್ವರ ತಗ್ಗಿಸಿದಳು.

"ಲಲಿತಕ್ಕ, ನೀವ್ ಬ್ರಹ್ಮಾವರದಗೆ ಒಂದ್ ಕಡೆ ಇದ್ದಿದ್ರಿ ಅಂಬ್ರಲೆ. ಅಲ್ಲಿನ ನಂಬ್ರ್ ಇತ್ತಾ?"

"ಯಾರಿಗ್?"

"ನಮ್ಮನಿಯವ್ರ ಅಕ್ಕಂಗೆ. ಆರ್ ತಿಂಗ್ಳಾಯ್ತ್, ಮಾತಿಲ್ಲೆ ಕತಿಯಿಲ್ಲೆ. ನಮ್ಗೂ ಸಾಕಾಯ್ತ್."

"ಅವ್ರ್ ಎಂತ ಹೇಳ್ತ್ರ್?"

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅವ್ರನ್ ಕೇಂಬುದಾ?"

ನಂಬರು ಕೊಡಲಿಲ್ಲ. ಇಲ್ಲಿಗೆ ಬರುತ್ತಾರಾ ಎಂದು ಅವರನ್ನೇ ಕೇಳಿ ಕರೆದುಕೊಂಡು ಬಾ, ನಾನೂ ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಎಂದೆ. ಮುಂದಿನ ಮಂಗಳವಾರ ಇಬ್ಬರೂ ಬಂದರು. ಅಕ್ಕ ಐವತ್ತರ ಹತ್ತಿರದವರು. ಕುರ್ಚಿಯ ಅಂಚಿನಲ್ಲಿ, ಕುತ್ತಿಗೆ ಒಳಗೆ ಎಳೆದುಕೊಂಡು ಕೂತರು.

"ಅಕ್ಕ, ನಿಮ್ಗ್ ಎಂತ ಆತ್ತ್?" ಎಂದು ಕೇಳಿದೆ.

"ಅವ್ರಿಗೆ ನಿದ್ರಿ..." ಎಂದು ತಮ್ಮನ ಹೆಂಡತಿ ಶುರು ಮಾಡಿದಳು. ಜಲಜ ಅವಳ ಕೈ ಮುಟ್ಟಿ ಸುಮ್ಮನಾಗಿಸಿದಳು.

ಕಾದೆವು. ಹೊರಗೆ ಎರಡು ಬಸ್ಸು ಹೋದವು. ಒಬ್ಬ ಗಿರಾಕಿ ಬಂದು, ನಮ್ಮನ್ನು ಕಂಡು, ಆಮೇಲೆ ಬತ್ತೆ ಎಂದು ಹೋದಳು. ನನಗೂ ಒಳಗೊಳಗೆ ಚಡಪಡಿಕೆ. ಬಾಯಿಗೆ ಬಂದ ಪ್ರಶ್ನೆಗಳನ್ನು ಕಷ್ಟಪಟ್ಟು ನುಂಗಿಕೊಂಡೆ.

ಕಡೆಗೆ ಅವರು ತಲೆ ಎತ್ತಿ ಮೇಲೆ ನೋಡಿದರು.

"ಆ ಫ್ಯಾನ್ ಒಂಚೂರ್ ನಿಲ್ಸ್ತ್ರ್ಯಾ?" ಎಂದರು. "ಅದ್ರ ಶಬ್ದಕ್ಕೆ ನಂಗ್ ಮಾತೇ ಬತ್ತಿಲ್ಲೆ."

ನಾನು ಎದ್ದು ಹೋಗಿ ಫ್ಯಾನ್ ನಿಲ್ಲಿಸಿದೆ.